ಅಪ್ಪ-ಅಮ್ಮನಿಗೆ ಆರೋಗ್ಯ ವಿಮೆ: ಏಜೆಂಟರಿಗೆ ಫೋನ್ ಮಾಡುವ ಮುಂಚೆ

ನಮ್ಮ ಕಡೆ ಈ ವಿಷಯದ ಮಾತು ಶುರುವಾಗುವುದೇ ಉಲ್ಟಾ. ಮಗನೋ ಮಗಳೋ ಬೆಂಗಳೂರಲ್ಲಿ, ಇಲ್ಲ ಪುಣೆಯಲ್ಲಿ. ಅಪ್ಪ-ಅಮ್ಮ ಹಾವೇರಿಯಲ್ಲೋ ಬೆಟಗೇರಿಯಲ್ಲೋ ಧಾರವಾಡದ ಸಪ್ತಾಪುರದಲ್ಲೋ. ಓಣಿಯಲ್ಲಿ ಯಾರಿಗೋ ಸ್ಟೆಂಟ್ ಹಾಕಿದರು, ಇಷ್ಟು ಲಕ್ಷ ಬಿಲ್ ಆಯಿತು ಅನ್ನೋ ಸುದ್ದಿ ಬಂದ ದಿನವೇ "ಯಾವ ಕಂಪನಿ ಪಾಲಿಸಿ ಛಲೋ?" ಅಂತ ಹುಡುಕಾಟ ಶುರು. ಆದರೆ ಮೊದಲ ಪ್ರಶ್ನೆ ಅದಲ್ಲ. ನಿಮ್ಮ ಮನೆಯಲ್ಲಿ ಆಗಲೇ ಏನಿದೆ, ಅದು ಯಾವುದಕ್ಕೆ ಸಾಲುವುದಿಲ್ಲ, ಆ ಕೊರತೆಗೆ ಮಾತ್ರ ಏನು ಕೊಳ್ಳಬೇಕು: ಈ ಕ್ರಮದಲ್ಲಿ ಹೋಗಿ. ಎಷ್ಟೋ ಮನೆಗಳಲ್ಲಿ ಸರ್ಕಾರಿ ಕಾರ್ಡ್ ಕಪಾಟಿನಲ್ಲೇ ಇರುತ್ತದೆ, ಅದರ ಮೇಲೆ ಮತ್ತೊಂದು ಪಾಲಿಸಿಗೆ ವರ್ಷಾವರ್ಷ ರೊಕ್ಕ ಕಟ್ಟುತ್ತಿರುತ್ತಾರೆ. ಆ ಪಾಲಿಸಿಯಲ್ಲಿ ಏನಿದೆ ಅಂತ ಮಾತ್ರ ಯಾರೂ ಓದಿರುವುದಿಲ್ಲ.

ಮೊದಲು ರೇಷನ್ ಕಾರ್ಡ್ ತೆಗೆಯಿರಿ

ಹೌದು, ರೇಷನ್ ಕಾರ್ಡೇ. ಕರ್ನಾಟಕದಲ್ಲಿ ಕೇಂದ್ರದ ಆಯುಷ್ಮಾನ್ ಭಾರತ್ ಮತ್ತು ರಾಜ್ಯದ ಆರೋಗ್ಯ ಕರ್ನಾಟಕ ಎರಡೂ 2018ರಲ್ಲೇ ಒಂದಾದವು. ನಡೆಸುವುದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ಬಿಪಿಎಲ್ ಕಾರ್ಡ್ ಇದ್ದರೆ ಇಡೀ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎಪಿಎಲ್ ಆದರೆ ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಯೋಜನೆಯಲ್ಲಿ ನಿಗದಿ ಮಾಡಿದ ದರ) ಶೇ. 30ರಷ್ಟನ್ನು ಸರ್ಕಾರ ಕೊಡುತ್ತದೆ, ವರ್ಷಕ್ಕೆ ಹೆಚ್ಚೆಂದರೆ 1.5 ಲಕ್ಷ, ಉಳಿದದ್ದು ನಿಮ್ಮ ಜೇಬಿನಿಂದ. "ನಮ್ಮದು ಎಪಿಎಲ್, ನಮಗೇನೂ ಇಲ್ಲ" ಅಂತ ಕೈಬಿಟ್ಟವರು ಬಹಳ ಮಂದಿ ಇದ್ದಾರೆ. ಸುಮ್ನೆ ಬಿಡಬೇಡಿ.

ಇದರ ದೊಡ್ಡ ಅನುಕೂಲ ಏನು ಗೊತ್ತಾ? ಮೊದಲೇ ಇದ್ದ ಕಾಯಿಲೆಗೂ ಕಾಯುವ ಅವಧಿ ಇಲ್ಲ. ಖಾಸಗಿ ಪಾಲಿಸಿಯಲ್ಲಿ ಶುಗರ್, ಹೃದಯದ ತೊಂದರೆ ಅಂದ ಕೂಡಲೇ ಎರಡು-ಮೂರು ವರ್ಷ ಕಾಯಿ ಅನ್ನುತ್ತಾರೆ. ಇಲ್ಲಿ ಹಾಗಿಲ್ಲ.

ತೊಡಕು ಎಲ್ಲಿದೆ ಅಂದರೆ ರೆಫರಲ್‌ನಲ್ಲಿ. ಸಣ್ಣಪುಟ್ಟ ಚಿಕಿತ್ಸೆಗಳು ಸರ್ಕಾರಿ ಆಸ್ಪತ್ರೆಯಲ್ಲೇ ಆಗಬೇಕು. ದೊಡ್ಡ ಚಿಕಿತ್ಸೆ ಸರ್ಕಾರಿ ಆಸ್ಪತ್ರೆಯಲ್ಲಿ ಆಗದಿದ್ದರೆ ಅಲ್ಲಿಂದ ಚೀಟಿ ಬರೆಸಿಕೊಂಡು ನೋಂದಾಯಿತ ಖಾಸಗಿ ಆಸ್ಪತ್ರೆಗೆ ಹೋಗಬೇಕು. ಗದಗದವರಿಗೆ ಅಲ್ಲಿನ ಜಿಮ್ಸ್, ಹಾವೇರಿಯವರಿಗೆ ಜಿಲ್ಲಾ ಆಸ್ಪತ್ರೆ, ಹುಬ್ಬಳ್ಳಿ-ಧಾರವಾಡದವರಿಗೆ ಧಾರವಾಡದ ಜಿಲ್ಲಾ ಆಸ್ಪತ್ರೆ ಅಥವಾ ವಿದ್ಯಾನಗರದ ಕಿಮ್ಸ್, ಈಗ ಹೆಸರು ಬದಲಾದರೂ ಮಂದಿ ಕರೆಯುವುದು ಕಿಮ್ಸ್ ಅಂತಲೇ. ಎಮರ್ಜೆನ್ಸಿ ಎಂದು ಪಟ್ಟಿ ಮಾಡಿದ ಚಿಕಿತ್ಸೆಗಳಿಗೆ ರೆಫರಲ್ ಬೇಡ, ನೇರ ನೋಂದಾಯಿತ ಆಸ್ಪತ್ರೆಗೆ ಹೋಗಬಹುದು. ಮೊದಲು ಖಾಸಗಿ ಆಸ್ಪತ್ರೆಗೆ ಅಡ್ಮಿಟ್ ಆಗಿ, ಎರಡು ದಿನದ ಮೇಲೆ "ಕಾರ್ಡ್ ಇದೆ" ಅಂತ ತೋರಿಸಿದರೆ ಬಹಳ ಸಲ ಕೆಲಸ ಆಗುವುದಿಲ್ಲ. ಬಾಗಿಲಲ್ಲೇ ಹೇಳಿ. ನೋಂದಾಯಿತ ಆಸ್ಪತ್ರೆಗಳಲ್ಲಿ ಈ ಯೋಜನೆಯ ಕೆಲಸ ನೋಡಿಕೊಳ್ಳುವ ಆರೋಗ್ಯ ಮಿತ್ರ ಅಂತ ಒಬ್ಬರು ಕೂತಿರುತ್ತಾರೆ, ಡಾಕ್ಟರಿಗಿಂತ ಮೊದಲು ನೀವು ಹುಡುಕಬೇಕಾದವರು ಅವರು.

ಕಾರ್ಡ್ ಮಾಡಿಸಲು ಆಧಾರ್ ಮತ್ತು ರೇಷನ್ ಕಾರ್ಡ್ ಸಾಕು. ಗ್ರಾಮ ಒನ್, ಕರ್ನಾಟಕ ಒನ್ ಕೇಂದ್ರದಲ್ಲೇ ಆಗುತ್ತದೆ. ಆದರೆ ಹೋಗುವ ಮುಂಚೆ ಮೂರು ವಿಷಯ ನೋಡಿಕೊಳ್ಳಿ. ಎರಡರಲ್ಲೂ ಹೆಸರು ಒಂದೇ ಥರ ಇದೆಯಾ, ಒಂದರಲ್ಲಿ ಅಡ್ಡಹೆಸರು ಇದ್ದು ಇನ್ನೊಂದರಲ್ಲಿ ಇಲ್ಲವಾ? ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರ್ ಇನ್ನೂ ಚಾಲೂ ಇದೆಯಾ? ಹೊಲದಲ್ಲಿ ದುಡಿದ ಕೈ, ಬೆರಳಚ್ಚು ಸವೆದಿರುತ್ತದೆ, ಯಂತ್ರ ಹಿಡಿಯುವುದಿಲ್ಲ. ಆಗ ಓಟಿಪಿಯೇ ಗತಿ, ಆ ನಂಬರ್ ಎಂದೋ ಬಂದ್ ಆಗಿರುತ್ತದೆ. ಮೂರನೆಯದು, ಬಿಪಿಎಲ್ ಇದ್ದ ಕಾರ್ಡ್ ಎಪಿಎಲ್ ಆಗಿ ಬದಲಾಗಿಲ್ಲ ತಾನೇ? ಎರಡೂ ಸೌಲಭ್ಯದ ನಡುವೆ ಎಷ್ಟು ಅಂತರ ಇದೆ ಅಂತ ಮೇಲೆ ನೋಡಿದಿರಲ್ಲ.

70 ದಾಟಿದವರಿಗೆ ಇನ್ನೊಂದು ಕಾರ್ಡ್

2024ರ ಅಕ್ಟೋಬರ್ 29ರಂದು ಕೇಂದ್ರ ಸರ್ಕಾರ ಆಯುಷ್ಮಾನ್ ವಯ ವಂದನಾ ಕಾರ್ಡ್ ಶುರು ಮಾಡಿತು. 70 ತುಂಬಿದ ಯಾರಿಗಾದರೂ ಸರಿ, ಆದಾಯ ನೋಡುವುದಿಲ್ಲ, ವರ್ಷಕ್ಕೆ 5 ಲಕ್ಷ. ಮನೆಯಲ್ಲಿ ಇಬ್ಬರು 70 ದಾಟಿದ್ದರೆ ಆ 5 ಲಕ್ಷ ಇಬ್ಬರಿಗೂ ಸೇರಿ. ಖಾಸಗಿ ಪಾಲಿಸಿ ಇದ್ದವರೂ ತಗೊಳ್ಳಬಹುದು. ಕೇಂದ್ರ ನೌಕರರ ಸಿಜಿಎಚ್‌ಎಸ್, ಮಾಜಿ ಸೈನಿಕರ ಇಸಿಎಚ್‌ಎಸ್ ಇದ್ದವರು ಮಾತ್ರ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ನನ್ನ ಕೇಳಿದರೆ ಅವರು ತಮ್ಮ ಹಳೆಯದನ್ನು ಬಿಡುವ ಮುಂಚೆ ನೂರು ಸಲ ಯೋಚಿಸಬೇಕು, ಅದರಲ್ಲಿ ತಿಂಗಳ ಗುಳಿಗೆಯೂ ಸಿಗುತ್ತದೆ, ಇದರಲ್ಲಿ ಸಿಗುವುದಿಲ್ಲ.

ವಯಸ್ಸಿಗೆ ಆಧಾರ್ ಲೆಕ್ಕ. ನಮ್ಮ ಹಿರಿಯರಲ್ಲಿ ಅರ್ಧ ಮಂದಿ ಜನವರಿ 1ಕ್ಕೇ ಹುಟ್ಟಿದವರು ಅಲ್ವಾ! ನಿಜವಾದ ವಯಸ್ಸು 72 ಇದ್ದು ಆಧಾರ್‌ನಲ್ಲಿ 67 ಇದ್ದರೆ ಕಾರ್ಡ್ ಆಗುವುದಿಲ್ಲ. ಕಾರ್ಡ್ ಕೈಗೆ ಬಂದ ಮೇಲೂ ಒಂದು ಕೆಲಸ ಬಾಕಿ: ನೀವು ಹೋಗುವ ಆಸ್ಪತ್ರೆಯ ಆರೋಗ್ಯ ಮಿತ್ರರ ಹತ್ತಿರ "ಈ ಕಾರ್ಡ್ ಮೇಲೆ ಇಲ್ಲಿ ಈಗ ಅಡ್ಮಿಷನ್ ಆಗುತ್ತಾ, ಯಾವ ಚಿಕಿತ್ಸೆಗೆ ಆಗುತ್ತೆ?" ಅಂತ ಇದ್ದದ್ದಿದ್ದಂಗೆ ಕೇಳಿ. ಆರಾಮ ಇದ್ದಾಗಲೇ ಕೇಳಿ. ಸಹಾಯವಾಣಿ 14555.

ಅಪ್ಪ ಎಲ್ಲಿ ನೌಕರಿ ಮಾಡಿದ್ದರು?

ಹುಬ್ಬಳ್ಳಿಯಲ್ಲಿ ಈ ಪ್ರಶ್ನೆಗೆ ಬಹಳ ಬೆಲೆ ಇದೆ. ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಇರುವುದೇ ಇಲ್ಲಿ, ವರ್ಕ್‌ಶಾಪ್ ಇಲ್ಲಿದೆ, ರೈಲ್ವೆ ಆಸ್ಪತ್ರೆಯೂ ಇದೆ. ನಿವೃತ್ತರಾಗುವಾಗ ರೈಲ್ವೆಯ ವೈದ್ಯಕೀಯ ಯೋಜನೆಗೆ ಸೇರಿಕೊಂಡವರಿಗೆ ಗಂಡ-ಹೆಂಡತಿ ಇಬ್ಬರಿಗೂ ಜೀವನಪೂರ್ತಿ ಚಿಕಿತ್ಸೆ ಸಿಗುತ್ತದೆ. ಉಮೀದ್ ಕಾರ್ಡ್, ಅಂದರೆ ರೈಲ್ವೆಯ ವೈದ್ಯಕೀಯ ಗುರುತಿನ ಕಾರ್ಡ್, ಮಾಡಿಸಿಕೊಂಡಿದ್ದಾರಾ ನೋಡಿ. ಇಂಥ ಮನೆಗೆ ಹೊಸ ದೊಡ್ಡ ಪಾಲಿಸಿ ಬೇಕಾಗುವುದೇ ಅಪರೂಪ.

ಕಾರ್ಖಾನೆಯಲ್ಲಿ ದುಡಿದವರಾದರೆ ಇಎಸ್‌ಐ, ಅಂದರೆ ಸಂಬಳದಲ್ಲಿ ಹಿಡಿಯುವ ನೌಕರರ ರಾಜ್ಯ ವಿಮೆ. ಇದು ಅನೇಕರಿಗೆ ಗೊತ್ತೇ ಇಲ್ಲ. ಕನಿಷ್ಠ ಐದು ವರ್ಷ ಇಎಸ್‌ಐ ಕಟ್ಟಿ ವಯಸ್ಸಾಗಿ ನಿವೃತ್ತರಾದವರು ವರ್ಷಕ್ಕೆ ಬರೀ 120 ರೂಪಾಯಿ ಕಟ್ಟಿ ತಮಗೂ ಹೆಂಡತಿಗೂ ವೈದ್ಯಕೀಯ ಸೌಲಭ್ಯ ಮುಂದುವರಿಸಬಹುದು. ಬಿಟ್ಟುಬಿಟ್ಟಿದ್ದರೆ ಇಎಸ್‌ಐ ಕಚೇರಿಗೆ ಹಳೇ ನಂಬರ್ ಹಿಡಿದುಕೊಂಡು ಹೋಗಿ ಕೇಳಿ.

ಬ್ಯಾಂಕ್ ನಿವೃತ್ತರಿಗೆ ಗುಂಪು ಪಾಲಿಸಿ ಇರುತ್ತದೆ, ಪ್ರತಿ ವರ್ಷ ರಿನ್ಯೂವಲ್ ಆಗಬೇಕು. ರಾಜ್ಯ ಸರ್ಕಾರಿ ನೌಕರಿಯಲ್ಲಿ ಮಕ್ಕಳು ಇದ್ದರೆ 2025ರ ಅಕ್ಟೋಬರ್‌ನಿಂದ ಜಾರಿಗೆ ಬಂದ ಕರ್ನಾಟಕ ಆರೋಗ್ಯ ಸಂಜೀವಿನಿಯಲ್ಲಿ ಅವಲಂಬಿತ ತಂದೆ-ತಾಯಿಯನ್ನೂ ಸೇರಿಸಬಹುದು, ಆದಾಯದ ಮಿತಿ ಇದೆ, ಪಿಂಚಣಿ ಬರುವವರು ಕಚೇರಿಯಲ್ಲಿ ವಿಚಾರಿಸಿ. ರೈತರ ಮನೆಯಾದರೆ, ಪಿಕೆಪಿಎಸ್ (ಊರಿನ ಕೃಷಿ ಪತ್ತಿನ ಸಹಕಾರ ಸಂಘ) ಅಥವಾ ಹಾಲಿನ ಸಂಘದ ಸದಸ್ಯತ್ವ ಇದ್ದರೆ ಯಶಸ್ವಿನಿ ಇದೆ. 2003ರಲ್ಲಿ ಬಂದ ಯೋಜನೆ, ನಡುವೆ ನಿಂತಿತ್ತು, 2023ರ ಜನವರಿಯಿಂದ ಮತ್ತೆ ಸೌಲಭ್ಯ ಸಿಗುತ್ತಿದೆ. ಮತ್ತೆ ಶುರುವಾದಾಗ ಹಳ್ಳಿಯ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ಪಟ್ಟಣದವರಿಗೆ 1,000, ಮಿತಿ 5 ಲಕ್ಷ. ವರ್ಷದಲ್ಲಿ ನಿಗದಿತ ದಿನಗಳಲ್ಲಿ ಮಾತ್ರ ನೋಂದಣಿ, ಆದ್ದರಿಂದ ಸೊಸೈಟಿ ಸೆಕ್ರೆಟರಿಯನ್ನು ಮೊದಲೇ ಕೇಳಿಟ್ಟಿರಿ.

ಕೊನೆಗೆ ಮಗನ ಕಂಪನಿಯ ಪಾಲಿಸಿ. ಅಪ್ಪ-ಅಮ್ಮನಿಗೆ ಮೂರೋ ಐದೋ ಲಕ್ಷ ಇರುತ್ತದೆ, ಕಾಯುವ ಅವಧಿಯೂ ಸಾಮಾನ್ಯವಾಗಿ ಇರುವುದಿಲ್ಲ. ಛಲೋ ಐತಿ. ಆದರೆ ನೌಕರಿ ಬಿಟ್ಟ ದಿನ ಅದೂ ಹೋಯಿತು. ಬಿಡುವಾಗ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಳ್ಳಲು ಅವಕಾಶ ಇದೆ, ಕೇಳದಿದ್ದರೆ ಯಾರೂ ತಾವಾಗಿ ಹೇಳುವುದಿಲ್ಲ.

ಈಗ ಖಾಸಗಿ ಪಾಲಿಸಿ, ಬೇಕಿದ್ದರೆ

ಮೊದಲಾಗಿದ್ದರೆ 65 ದಾಟಿದವರಿಗೆ ಹೊಸ ಪಾಲಿಸಿ ಸಿಗುವುದೇ ಕಷ್ಟ ಇತ್ತು. ವಿಮಾ ನಿಯಂತ್ರಕ ಐಆರ್‌ಡಿಎಐ 2024ರ ಏಪ್ರಿಲ್‌ನಿಂದ ನಿಯಮ ಬದಲಿಸಿತು. ಎಲ್ಲ ವಯಸ್ಸಿನವರಿಗೂ ಪಾಲಿಸಿ ಇಡಬೇಕು ಅಂತ ಕಂಪನಿಗಳಿಗೆ ಹೇಳಿತು. ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ ಹೆಚ್ಚೆಂದರೆ ಮೂರು ವರ್ಷಕ್ಕೆ ಇಳಿಯಿತು, ಮೊದಲು ನಾಲ್ಕಿತ್ತು. 2025ರ ಜನವರಿಯಲ್ಲಿ ಇನ್ನೊಂದು ಆದೇಶ ಬಂತು: 60 ದಾಟಿದವರ ಪ್ರೀಮಿಯಂ ಅನ್ನು ನಿಯಂತ್ರಕರ ಜೊತೆ ಮಾತಾಡದೆ ವರ್ಷಕ್ಕೆ ಶೇ. 10ಕ್ಕಿಂತ ಜಾಸ್ತಿ ಏರಿಸುವ ಹಾಗಿಲ್ಲ. ಆ ಮೇಲೆ 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ಪಾಲಿಸಿ ಮೇಲಿನ ಶೇ. 18ರ ಜಿಎಸ್‌ಟಿಯೂ ಹೋಯಿತು.

ಹಾಗಂತ ಎಲ್ಲರಿಗೂ ಪಾಲಿಸಿ ಕೊಡಲೇಬೇಕು ಅಂತ ಅಲ್ಲ. ಆರೋಗ್ಯ ತಪಾಸಣೆ ಮಾಡಿಸಿ ಬೇಡ ಅನ್ನಬಹುದು, ಪ್ರೀಮಿಯಂ ಜಾಸ್ತಿ ಹೇಳಬಹುದು.

ಅಪ್ಪ-ಅಮ್ಮನನ್ನು ನಿಮ್ಮ ಫ್ಯಾಮಿಲಿ ಫ್ಲೋಟರ್‌ಗೆ (ಇಡೀ ಮನೆಗೆ ಒಂದೇ ಮೊತ್ತದ ಪಾಲಿಸಿ) ಸೇರಿಸಬೇಡಿ. ಅದರಲ್ಲಿ ಎಲ್ಲರಿಗಿಂತ ಹಿರಿಯರ ವಯಸ್ಸಿನ ಮೇಲೆ ಪ್ರೀಮಿಯಂ ನಿಲ್ಲುತ್ತದೆ, ಮತ್ತೆ ಒಬ್ಬರ ಆಪರೇಷನ್ನಿಗೆ ಎಲ್ಲರ ಮೊತ್ತ ಖಾಲಿ ಆಗುತ್ತದೆ. ಅವರಿಗೆ ಬೇರೆ ಪಾಲಿಸಿಯೇ ಸರಿ.

ಇನ್ನು ಏಜೆಂಟ್ ಕಾಗದ ತಂದಾಗ ಪ್ರೀಮಿಯಂ ಕಾಲಂ ಆಮೇಲೆ ನೋಡಿ. ಮೊದಲು ಕೋ-ಪೇ (ಪ್ರತಿ ಕ್ಲೇಮಿನಲ್ಲಿ ನೀವೇ ಕೊಡಬೇಕಾದ ಪಾಲು) ಎಷ್ಟು, ರೂಮ್ ಬಾಡಿಗೆ ಮಿತಿ ಎಷ್ಟು, ಇವೆರಡನ್ನು ನೋಡಿ. ಹಿರಿಯರ ಪಾಲಿಸಿಗಳಲ್ಲಿ ರೊಕ್ಕ ಸೋರುವುದು ಇಲ್ಲೇ. ಒಂದು ಲೆಕ್ಕ ಹಾಕೋಣ. ಪಾಲಿಸಿ 3 ಲಕ್ಷದ್ದು, ರೂಮ್ ಮಿತಿ ದಿನಕ್ಕೆ ಶೇ. 1, ಅಂದರೆ 3,000 ರೂಪಾಯಿ. ಕೋ-ಪೇ ಶೇ. 20. ನೀವು "ಅಮ್ಮ ಆರಾಮ ಇರಲಿ" ಅಂತ 6,000ದ ರೂಮ್ ಹಿಡಿದಿರಿ, ಐದು ದಿನ. ರೂಮಿಗೆ 30,000, ಸರ್ಜನ್-ಓಟಿ-ನರ್ಸಿಂಗ್ 50,000, ಔಷಧಿ ಮತ್ತು ಟೆಸ್ಟ್ 40,000. ಒಟ್ಟು ಬಿಲ್ 1,20,000. ಪಾಲಿಸಿ 3 ಲಕ್ಷ ಇದೆಯಲ್ಲ, ಪೂರ್ತಿ ಬರುತ್ತೆ ಅಂತ ನೀವು ಅಂದುಕೊಂಡಿರುತ್ತೀರಿ. ಕಂಪನಿ ಹೇಗೆ ನೋಡುತ್ತೆ ಅಂದರೆ, ಮಿತಿಗಿಂತ ಎರಡು ಪಟ್ಟಿನ ರೂಮ್ ಹಿಡಿದಿದ್ದೀರಿ, ಆದ್ದರಿಂದ ರೂಮಿನ 30,000ದಲ್ಲಿ 15,000, ಅದಕ್ಕೆ ಅಂಟಿಕೊಂಡ ಸರ್ಜನ್-ನರ್ಸಿಂಗ್ ಖರ್ಚಿನಲ್ಲೂ ಅರ್ಧ, ಅಂದರೆ 25,000. ಔಷಧಿ, ಟೆಸ್ಟ್, ಇಂಪ್ಲಾಂಟ್‌ಗಳಿಗೆ ಈ ಕಡಿತ ಮಾಡುವ ಹಾಗಿಲ್ಲ, ಹಾಗಾಗಿ 40,000 ಪೂರ್ತಿ. ಸೇರಿ 80,000. ಅದರಲ್ಲಿ ಕೋ-ಪೇ ಶೇ. 20 ಕಳೆದರೆ 64,000. ಉಳಿದ 56,000 ನಿಮ್ಮದು. ಬರೀ ರೂಮಿನ ಹೆಚ್ಚುವರಿ ಬಾಡಿಗೆ 15,000 ಕೊಟ್ಟರಾಯಿತು ಅಂದುಕೊಂಡವರಿಗೆ ಡಿಸ್ಚಾರ್ಜ್ ದಿನ ಕೌಂಟರಿನಲ್ಲಿ ಜಗಳ ಆಗುವುದು ಇದಕ್ಕೇ. ರೂಮ್ ಮಿತಿ ಇಲ್ಲದ ಪಾಲಿಸಿ ಸಿಕ್ಕರೆ ಸ್ವಲ್ಪ ಜಾಸ್ತಿ ಕೊಟ್ಟರೂ ಅದನ್ನೇ ತಗೊಳ್ಳಿ. ಆಗದಿದ್ದರೆ ಅಡ್ಮಿಟ್ ಆಗುವಾಗ ಮಿತಿಯೊಳಗಿನ ರೂಮೇ ಕೇಳಿ.

ಇನ್ನೊಂದು ನಮ್ಮ ಕಡೆಯವರು ನೋಡಲೇಬೇಕಾದ ಕಲಂ, ಝೋನ್. ಕೆಲವು ಪಾಲಿಸಿಗಳು ಊರಿನ ಪ್ರಕಾರ ಪ್ರೀಮಿಯಂ ಇಡುತ್ತವೆ. ಹಾವೇರಿ ವಿಳಾಸ ಕೊಟ್ಟರೆ ಕಡಿಮೆ. ಆಮೇಲೆ ಮಗನ ಮನೆ ಇದೆ ಅಂತ ಬೆಂಗಳೂರಲ್ಲಿ ಆಪರೇಷನ್ ಮಾಡಿಸಿದರೆ ಅಲ್ಲಿ ಹೆಚ್ಚುವರಿ ಕೋ-ಪೇ ಬೀಳುತ್ತದೆ. ನೀವು ನಿಜಕ್ಕೂ ಎಲ್ಲಿಗೆ ಹೋಗುತ್ತೀರಿ ಅಂತ ಮೊದಲು ತೀರ್ಮಾನಿಸಿ. ಗದಗದವರು ಸೀದಾ ಹುಬ್ಬಳ್ಳಿಗೆ ಬರುತ್ತಾರೆ, ರಾಣೆಬೆನ್ನೂರಿನವರಿಗೆ ದಾವಣಗೆರೆ ಹತ್ತಿರ. ಆ ಊರಿನ ನಿಮ್ಮ ಆಸ್ಪತ್ರೆ ಕಂಪನಿಯ ನಗದುರಹಿತ ಪಟ್ಟಿಯಲ್ಲಿ (ಬಿಲ್ಲನ್ನು ಕಂಪನಿಯೇ ನೇರ ಆಸ್ಪತ್ರೆಗೆ ಕಟ್ಟುವ ಕಡೆ) ಇದೆಯಾ ಅಂತ ಕಂಪನಿ ವೆಬ್‌ಸೈಟಿನಲ್ಲಿ ನೋಡಿ, ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕಿಗೂ ಒಂದು ಫೋನ್ ಹಚ್ಚಿ. ಪಟ್ಟಿಯಲ್ಲಿ ಇದ್ದು ಡೆಸ್ಕಿನವರು "ಈಗ ಇಲ್ರೀ" ಅನ್ನುವುದೂ ಉಂಟು.

ಕಡಿಮೆಯಲ್ಲಿ ಒಂದು ಸರಳ ಪಾಲಿಸಿ ಬೇಕಾದರೆ ಆರೋಗ್ಯ ಸಂಜೀವನಿ ನೋಡಬಹುದು. ರಾಜ್ಯ ನೌಕರರ ಸಂಜೀವಿನಿ ಬೇರೆ, ಇದು ಬೇರೆ, ಗೊಂದಲ ಬೇಡ. 2020ರಿಂದ ಎಲ್ಲ ಕಂಪನಿಗಳೂ ಒಂದೇ ನಿಯಮದಲ್ಲಿ ಮಾರುವ ಪಾಲಿಸಿ. ಕೋ-ಪೇ ಶೇ. 5 ಮಾತ್ರ. ಆದರೆ ರೂಮಿಗೆ ಮೊತ್ತದ ಶೇ. 2, ದಿನಕ್ಕೆ 5,000 ದಾಟುವ ಹಾಗಿಲ್ಲ. ಕಣ್ಣಿನ ಪೊರೆಗೆ ಒಂದು ಕಣ್ಣಿಗೆ 40,000ದ ಮಿತಿ.

ಕಂಪನಿ ಪಾಲಿಸಿಯೋ ನಿವೃತ್ತರ ಗುಂಪು ಪಾಲಿಸಿಯೋ ಆಗಲೇ ಇದ್ದರೆ ಹೊಸದಾಗಿ ಪೂರ್ತಿ ಪಾಲಿಸಿ ಬೇಡ, ಸೂಪರ್ ಟಾಪ್-ಅಪ್ ಸಾಕು, ಅಂದರೆ ಒಂದು ಮೊತ್ತ ದಾಟಿದ ಮೇಲಿನ ಖರ್ಚಿಗೆ ಮಾತ್ರ ಬರುವ ಪಾಲಿಸಿ. ಸೂಪರ್ ಅನ್ನೋ ಪದ ಮರೆಯಬೇಡಿ. 5 ಲಕ್ಷದ ಮೇಲಿನದಕ್ಕೆ ಟಾಪ್-ಅಪ್ ತಗೊಂಡಿದ್ದೀರಿ, ಒಂದೇ ವರ್ಷದಲ್ಲಿ ಎರಡು ಸಲ ತಲಾ 4 ಲಕ್ಷದ ಬಿಲ್ ಆಯಿತು ಅಂದುಕೊಳ್ಳಿ. ಬರೀ ಟಾಪ್-ಅಪ್ ಒಂದು ಪೈಸೆ ಕೊಡುವುದಿಲ್ಲ, ಯಾಕಂದರೆ ಯಾವ ಬಿಲ್ಲೂ 5 ಲಕ್ಷ ದಾಟಿಲ್ಲ. ಸೂಪರ್ ಟಾಪ್-ಅಪ್ ವರ್ಷದ ಒಟ್ಟು 8 ಲಕ್ಷ ನೋಡಿ 3 ಲಕ್ಷ ಕೊಡುತ್ತದೆ.

ಬಿ.ಪಿ., ಶುಗರ್ ಬರೆಸಿ

"ಒಂದು ಗುಳಿಗೆ ತಗೊಂಡ್ರೆ ಏನ್ ಮಹಾ, ಬರೆಯೋದು ಬ್ಯಾಡ ಬಿಡ್ರಿ." ಈ ಮಾತು ಹೇಳುವ ಏಜೆಂಟ್ ಸಿಕ್ಕರೆ ಚಹಾ ಕುಡಿಸಿ ಕಳಿಸಿಬಿಡಿ. ಅವರಿಗೆ ಪಾಲಿಸಿ ಬೇಗ ಪಾಸಾಗಬೇಕು, ಅಷ್ಟೇ. ಕ್ಲೇಮ್ ದಿನ ಅವರು ಫೋನ್ ಎತ್ತುವುದಿಲ್ಲ.

ಮುಚ್ಚಿಟ್ಟದ್ದು ಹೊರಬರುವುದು ಎಲ್ಲಿ? ಆಸ್ಪತ್ರೆಯ ಕೇಸ್ ಪೇಪರಿನಲ್ಲಿ. ಅಡ್ಮಿಟ್ ಮಾಡುವ ಡಾಕ್ಟರ್ ಎಷ್ಟು ವರ್ಷದಿಂದ ಶುಗರ್ ಇದೆ ಅಂತ ಕೇಳುತ್ತಾರೆ, ಅಪ್ಪ "ಹತ್ತು ವರ್ಷದಿಂದ ಐತ್ರಿ" ಅನ್ನುತ್ತಾರೆ, ಅದು ಹಾಗೇ ದಾಖಲಾಗುತ್ತದೆ. ಪಾಲಿಸಿಯಲ್ಲಿ ಶುಗರ್ ಇಲ್ಲ ಅಂತ ಇದ್ದರೆ ಕ್ಲೇಮ್ ಅಲ್ಲಿಗೇ ನಿಂತಿತು. ಇದರ ಇನ್ನೊಂದು ಮುಖವೂ ಇದೆ. ನಿಜವಾಗಿ ಪತ್ತೆಯಾಗಿ ನಾಲ್ಕು ವರ್ಷ ಆಗಿರುತ್ತದೆ, ಆದರೆ ಹಿರಿಯರು ರೂಢಿಯಂತೆ "ಬಾಳ ವರ್ಷ ಆತ್ರಿ, ಹತ್ತು-ಹನ್ನೆರಡು" ಅಂದುಬಿಡುತ್ತಾರೆ. ಸುಳ್ಳಲ್ಲ, ಸುಮ್ನೆ ಅಂದಾಜು. ಆ ಅಂದಾಜೇ ಪಾಲಿಸಿ ತಗೊಂಡ ದಿನಕ್ಕಿಂತ ಹಿಂದೆ ಹೋಗಿ ಕೂರುತ್ತದೆ. ಆದ್ದರಿಂದ ಮೊದಲ ಸಲ ಪತ್ತೆಯಾದಾಗಿನ ಚೀಟಿ, ರಿಪೋರ್ಟ್ ಫೈಲಿನಲ್ಲಿ ಇಟ್ಟು ಅದನ್ನೇ ಡಾಕ್ಟರಿಗೆ ತೋರಿಸಿ.

ಪಾಲಿಸಿ ಎಡೆಬಿಡದೆ 60 ತಿಂಗಳು ನಡೆದರೆ, ಆಮೇಲೆ "ನೀವು ಹೇಳಿರಲಿಲ್ಲ" ಅನ್ನೋ ಕಾರಣಕ್ಕೆ ಕಂಪನಿ ತಕರಾರು ತೆಗೆಯುವಂತಿಲ್ಲ, ಮೋಸ ಸಾಬೀತಾದರೆ ಬೇರೆ ಮಾತು. ಅದಕ್ಕೇ ಹಳೇ ಪಾಲಿಸಿಯನ್ನು ಸಿಟ್ಟಿನಲ್ಲಿ ಬಿಡಬಾರದು. ಕಂಪನಿ ಸರಿ ಇಲ್ಲ ಅನ್ನಿಸಿದರೆ ಪೋರ್ಟ್ ಮಾಡಿ, ಅಂದರೆ ಪಾಲಿಸಿಯನ್ನು ಬೇರೆ ಕಂಪನಿಗೆ ಬದಲಾಯಿಸಿಕೊಳ್ಳಿ, ಕಾದ ವರ್ಷಗಳ ಲೆಕ್ಕ ಜೊತೆಗೇ ಬರುತ್ತದೆ. ರಿನ್ಯೂವಲ್‌ಗೆ 45 ದಿನ ಮುಂಚೆ ಅರ್ಜಿ ಹಾಕಬೇಕು. ಹೊಸ ಪಾಲಿಸಿ ಕೈಗೆ ಬಂದು ಓದಿದ ಮೇಲೆ ಇಷ್ಟ ಆಗದಿದ್ದರೆ 30 ದಿನದೊಳಗೆ ವಾಪಸ್ ಕೊಡಬಹುದು.

ಪಾಲಿಸಿ ತಗೊಳ್ಳದೆಯೂ ಇರಬಹುದು

ಇದನ್ನು ಯಾರೂ ಹೇಳುವುದಿಲ್ಲ. 76 ವರ್ಷ, ಎರಡು ಸ್ಟೆಂಟ್ ಆಗಲೇ ಇದೆ, ಕಂಪನಿ ಹೃದಯಕ್ಕೆ ಮೂರು ವರ್ಷ ಕಾಯಿ ಅನ್ನುತ್ತದೆ, ಮೇಲೆ ಶೇ. 30 ಕೋ-ಪೇ, ಪ್ರೀಮಿಯಂ ಹತ್ತಾರು ಸಾವಿರ. ಇಂಥ ಕಡೆ ಸರ್ಕಾರಿ ಕಾರ್ಡುಗಳನ್ನು ಸರಿ ಮಾಡಿಟ್ಟುಕೊಂಡು, ಆ ಪ್ರೀಮಿಯಂ ರೊಕ್ಕವನ್ನು ಬ್ಯಾಂಕಿನಲ್ಲಿ ಬೇರೆ ಎತ್ತಿಡುವುದೇ ನನಗೆ ವಾಸಿ ಅನ್ನಿಸುತ್ತದೆ. ಹಳೇ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ 60 ದಾಟಿದ ತಂದೆ-ತಾಯಿಯ ಪ್ರೀಮಿಯಂ ಮೇಲೆ 50,000 ರೂಪಾಯಿವರೆಗೆ ಕಡಿತ ಸಿಗುತ್ತದಲ್ಲ, ಪಾಲಿಸಿಯೇ ಇಲ್ಲದ ಹಿರಿಯರ ಚಿಕಿತ್ಸೆ ಖರ್ಚಿಗೂ ಅದು ಸಿಗುತ್ತದೆ. ನಗದು ಕೊಟ್ಟಿರಬಾರದು, ಅಷ್ಟೇ.

ಮತ್ತೆ ತಿಂಗಳ ಗುಳಿಗೆ, ಓಪಿಡಿ ಚೀಟಿ ಇವೆಲ್ಲ ಹೆಚ್ಚಿನ ಪಾಲಿಸಿಗಳಲ್ಲಿ ಬರುವುದಿಲ್ಲ. ಅದಕ್ಕೆ ಕಡಿಮೆ ಬೆಲೆಗೆ ಔಷಧಿ ಸಿಗುವ ಜನೌಷಧಿ ಕೇಂದ್ರವೇ ದಾರಿ.

ಕ್ಲೇಮ್ ತಿರಸ್ಕಾರ ಆದರೆ

ನಗದುರಹಿತ ಅರ್ಜಿಗೆ ಕಂಪನಿ ಒಂದು ಗಂಟೆಯಲ್ಲಿ ಉತ್ತರಿಸಬೇಕು, ಡಿಸ್ಚಾರ್ಜ್ ಒಪ್ಪಿಗೆಗೆ ಮೂರು ಗಂಟೆ. ಇದು 2024ರ ನಿಯಮ. ಡೆಸ್ಕಿನಲ್ಲಿ ಸಂಜೆವರೆಗೆ ಕೂರಿಸಿದರೆ ಈ ಮಾತು ಎತ್ತಿ.

ತಿರಸ್ಕಾರವನ್ನು ಬಾಯಿಮಾತಲ್ಲಿ ಒಪ್ಪಬೇಡಿ, ಯಾವ ಕಲಂ ಪ್ರಕಾರ ಅಂತ ಬರೆದು ಕೊಡಲು ಹೇಳಿ. ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ಐಆರ್‌ಡಿಎಐ ಸಹಾಯವಾಣಿ 155255, ಆನ್‌ಲೈನ್‌ನಲ್ಲಿ ಅವರದೇ ದೂರಿನ ಪೋರ್ಟಲ್ ಬಿಮಾ ಭರೋಸಾ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಬಂದರೂ ಸಮಾಧಾನ ಆಗದಿದ್ದರೆ, ವಿಮಾ ಲೋಕಪಾಲರ ಹತ್ತಿರ ಹೋಗಬಹುದು. ಕರ್ನಾಟಕಕ್ಕೆ ಅವರ ಕಚೇರಿ ಬೆಂಗಳೂರಿನಲ್ಲಿದೆ. ಫೀಸಿಲ್ಲ, ವಕೀಲರು ಬೇಡ, 50 ಲಕ್ಷದವರೆಗಿನ ತಕರಾರು ನೋಡುತ್ತಾರೆ. ಕಂಪನಿ ಕೊನೆಯದಾಗಿ ಇಲ್ಲ ಅಂದ ದಿನದಿಂದ ಒಂದು ವರ್ಷದೊಳಗೆ ದೂರು ಕೊಡಬೇಕು. ಆನ್‌ಲೈನಲ್ಲೇ ಹಾಕಬಹುದು, ವಿಚಾರಣೆ ವಿಡಿಯೋದಲ್ಲೂ ನಡೆಯುತ್ತದೆ, ಹಾಗಾಗಿ ಹಿರಿಯರನ್ನು ರಾತ್ರಿ ಬಸ್ಸಿಗೆ ಹತ್ತಿಸಿ ಬೆಂಗಳೂರಿಗೆ ಒಯ್ಯುವ ಪ್ರಸಂಗ ಇಲ್ಲ. ಲೋಕಪಾಲರ ತೀರ್ಪನ್ನು ಕಂಪನಿ ಪಾಲಿಸಲೇಬೇಕು. ನಿಮಗೆ ಅದು ಒಪ್ಪಿಗೆ ಆಗದಿದ್ದರೆ ಧಾರವಾಡ, ಗದಗ, ಹಾವೇರಿ ಮೂರೂ ಕಡೆ ಜಿಲ್ಲಾ ಗ್ರಾಹಕರ ಆಯೋಗ ಇದೆ.